ಏರಿಯ ಕೆಳಗೊಂದು ಚಾಪೆ

ಆಶ್ರಮದ ಹಿಂದೆ ಒಂದು ಕೆರೆ. ಆ ವರ್ಷ ಅದು ಏರಿಯ ಅಂಚಿನವರೆಗೂ ತುಂಬಿತ್ತು.

ರಾಜಧಾನಿಯಿಂದ ಜಲವಿಶಾರದರು ಬಂದರು. ಮೈಮೇಲೆ ಬಿರುದಿನ ಶಾಲು, ಹಿಂದೆ ಕೊಡೆ ಹಿಡಿಯುವವನು. ಏರಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ, ಓಲೆ ಬರೆದು ಮುದ್ರೆ ಒತ್ತಿದರು.

"ಏರಿ ಭದ್ರವಾಗಿದೆ. ಅರಸರು ಬಂದು ತುಂಬಿದ ಕೆರೆ ನೋಡುವವರೆಗೆ ತೂಬು ಎತ್ತಿ ನೀರು ಬಿಡಕೂಡದು."

ಅಷ್ಟರಲ್ಲಿ ನೀರುಗಂಟಿ ದೊಡ್ಡಮುನಿಯ ಓಡಿಬಂದ. ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ.

"ಬುದ್ದೀ, ಏರಿ ಬುಡದಾಗೆ ಬಸಿನೀರು ನೆನ್ನೆಗಂಟ ತಿಳಿಯಾಗಿತ್ತು. ಇವತ್ತು ಕೆಂಪಗೆ ಬತ್ತಾ ಐತೆ. ಒಳಗೇ ಮಣ್ಣು ಕರಗ್ತಾ ಐತೆ. ಈಗ್ಲೇ ತೂಬು ಎತ್ತದಿದ್ರೆ ಊರೇ ಕೊಚ್ಕೊಂಡ್ ಹೋಯ್ತದೆ!"

ಶಿಷ್ಯ ಶಿವನಂಜನಿಗೆ ಸಿಟ್ಟು ಬಂತು. "ಅಕ್ಷರ ಬಾರದವನು ನೀನು. ವಿಶಾರದರಿಗಿಂತ ಹೆಚ್ಚು ಬಲ್ಲೆಯಾ?"

ಗುರುಗಳು ಒಂದು ಚಾಪೆ ತಂದು, ಕೆಂಪು ನೀರು ಒಸರುತ್ತಿದ್ದ ಜಾಗದ ಪಕ್ಕದಲ್ಲೇ ಹಾಸಿದರು.

"ವಿಶಾರದರೇ, ಊಟವಾಯಿತಲ್ಲ. ಇಲ್ಲಿ ತಂಪಾಗಿದೆ. ಸಂಜೆಯವರೆಗೆ ಒರಗಿಕೊಳ್ಳಿ."

ವಿಶಾರದರು ಚಾಪೆ ನೋಡಿದರು. ತಲೆಯೆತ್ತಿ ಏರಿ ನೋಡಿದರು.

"ರಾಜಧಾನಿಯಲ್ಲಿ ತುರ್ತು ಕೆಲಸವಿದೆ," ಎಂದವರೇ, ಕೊಡೆಯವನನ್ನೂ ಕಾಯದೆ ಕಾಲಿಗೆ ಬುದ್ಧಿ ಹೇಳಿದರು.

ಶಿವನಂಜ ಓಲೆಯ ಮುದ್ರೆಯತ್ತ ಬೆರಳು ತೋರಿಸಿದ. "ಗುರುಗಳೇ, ಅಪ್ಪಣೆ ಮೀರಿದರೆ ದಂಡನೆ..."

"ದಂಡನೆ ನನಗಿರಲಿ. ನೀನು ಮುನಿಯನ ಜೊತೆ ಹೋಗು."

ಇಬ್ಬರೂ ಹೆಗಲು ಕೊಟ್ಟು ತೂಬು ಎತ್ತಿದರು. ನೀರು ಭೋರೆಂದು ಕಾಲುವೆಗೆ ನುಗ್ಗಿತು. ಊರಿನವರು ಬುಟ್ಟಿಬುಟ್ಟಿ ಜೇಡಿಮಣ್ಣು ಹೊತ್ತು ತಂದರು. ದೊಡ್ಡಮುನಿಯ ತೋರಿಸಿದಲ್ಲೆಲ್ಲ ಸುರಿದು ತುಳಿದರು.

ಮೂರನೆಯ ದಿನ ಬಸಿನೀರು ಮತ್ತೆ ತಿಳಿಯಾಯಿತು. ಊರಿನವರಿಗೆ ಹೋದ ಜೀವ ಬಂದಂತಾಯಿತು. ಹೆಂಗಸರು ಪಾಯಸಕ್ಕೆ ಒಲೆ ಹಚ್ಚಿದರು. ಶಿವನಂಜ ಏರಿಯ ಮೇಲೆ ಕುಸಿದು ಕೂತು ಅತ್ತ, ಆಮೇಲೆ ತನ್ನಷ್ಟಕ್ಕೆ ನಕ್ಕ. ಎದ್ದು ಹೋಗಿ ದೊಡ್ಡಮುನಿಯನ ಕೈ ಹಿಡಿದುಕೊಂಡ.

ಸಂಜೆ ಗುರುಗಳ ಬಳಿ ಬಂದು ಕೇಳಿದ:

"ಅಷ್ಟು ಓದಿದವರಿಗೆ ಕಾಣದ್ದು ಅವನಿಗೆ ಹೇಗೆ ಕಂಡಿತು ಗುರುಗಳೇ? ಯಾರ ಹತ್ತಿರ ಕಲಿತ?"

ಗುರುಗಳು ಹೇಳಿದರು:

"ಅವನ ಮೊಮ್ಮಗಳ ತೊಟ್ಟಿಲು ಏರಿಯ ಕೆಳಗೇ ಇದೆ, ಮಗೂ."