ಹತ್ತು ನಿಮಿಷ ಕೂತ ಗಾಳಿ

ಹೊಳೆದಂಡೆಯ ಪುಟ್ಟ ಆಸ್ಪತ್ರೆ. ಎಕ್ಸ್‌-ರೇ ಓದುವುದರಲ್ಲಿ ಅಲ್ಲಿನ ಗೋವರ್ಧನರಾಯರದು ಎತ್ತಿದ ಕೈ. ಅವರ ಬಳಿ ಕಲಿಯಲು ಬಂದ ಡಾಕ್ಟರ್ ನಿರುಪಮಾ ಬಲು ಚುರುಕು. ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಚುರುಕು.

ಒಂದು ಬೆಳಿಗ್ಗೆ ದೋಣಿ ನಡೆಸುವ ಸಣ್ಣತಿಮ್ಮ ಹೊಟ್ಟೆ ಹಿಡಿದುಕೊಂಡು ಬಂದ. ತೋಳುನೋವಿಗೆಂದು ತಿಂಗಳಿಂದ ಬರಿಹೊಟ್ಟೆಗೆ ಮಾತ್ರೆ ನುಂಗಿದ್ದನಂತೆ. ಹೊಟ್ಟೆ ಮುಟ್ಟಿದರೆ ಹಲಗೆಯಷ್ಟು ಗಟ್ಟಿ.

ಬಾಗಿಲಲ್ಲೇ ರಾಯರು ಅವನನ್ನು ಮಾತಾಡಿಸಿ, ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದರು.

ಕೂರಲಾರೆ ಎಂದು ಅವನು ನರಳಿದಾಗ ನಿರುಪಮಾಗೆ ಪಾಪ ಅನ್ನಿಸಿತು. ಮಲಗಿಸಿಯೇ ಎಕ್ಸ್‌-ರೇ ತೆಗೆಸಿದಳು. ಫಿಲ್ಮಿನಲ್ಲಿ ಏನೂ ಇಲ್ಲ. ಅವಳಿಗೆ ಖುಷಿಯೋ ಖುಷಿ.

"ಸರ್, ಜಠರ ತೂತಾಗಿಲ್ಲ! ಗ್ಯಾಸಿನ ಮಾತ್ರೆ ಕೊಟ್ಟು ಮನೆಗೆ ಕಳಿಸಲಾ?"

ರಾಯರು ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಅಡ್ಡ ಮಲಗಿಸಿದರು.

"ಗಾಳಿ ಎಲ್ಲಿದೆ?"

"ಉದ್ದಕ್ಕೂ ತೆಳ್ಳಗೆ ಹರಡಿದೆ."

ಬಾಟಲಿ ಎತ್ತಿ ನಿಲ್ಲಿಸಿದರು.

"ಈಗ?"

"ಮೇಲೆ. ಒಂದೇ ಕಡೆ..." ನಿರುಪಮಾಳ ಮುಖ ಸಣ್ಣಗಾಯಿತು. ಜಠರದ ತೂತಿನಿಂದ ಹೊರಬಿದ್ದ ಗಾಳಿಯೂ ಹಾಗೇ ಅಲ್ಲವೆ, ಮಲಗಿಸಿದರೆ ಹರಡಿ ಫಿಲ್ಮಿನಲ್ಲಿ ಕಾಣದೆ ಹೋಗುವುದಿಲ್ಲವೆ? ಇನ್ನೊಂದು ಗಳಿಗೆಯಾಗಿದ್ದರೆ ಅವನನ್ನು ಸಾಯಲು ಕಳಿಸುತ್ತಿದ್ದಳು.

ಓಡಿಹೋಗಿ ಸಣ್ಣತಿಮ್ಮನನ್ನು ಎತ್ತಿ ಕೂರಿಸಿದಳು. ಇಬ್ಬರು ನರ್ಸುಗಳು ಹಿಡಿದುಕೊಂಡರು.

"ತೆಗೀರಿ, ಬೇಗ!"

"ಹತ್ತು ನಿಮಿಷ ತಡಿಯಮ್ಮ," ಎಂದರು ರಾಯರು. "ಗಾಳಿ ಮೇಲೇರಬೇಕು."

"ತುರ್ತು ಅಲ್ವಾ ಸರ್?"

"ಅದಕ್ಕೇ ಕಾಯೋದು."

ಸಣ್ಣತಿಮ್ಮ ನೋವಿನಲ್ಲೂ ಹಲ್ಲು ಬಿಟ್ಟ. "ದೋಣಿ ತೂತಾದ್ರೆ ನೀರು ಒಳಕ್ಕೆ ಬತ್ತದೆ ಬುದ್ಧಿ. ನಾನು ತೂತಾದ್ರೆ ಗಾಳಿ ಹೊರಕ್ಕೋಯ್ತದಾ? ಇದ್ಯಾವ ಸೀಮೆ ನ್ಯಾಯ!"

ನರ್ಸುಗಳಿಬ್ಬರೂ ನಕ್ಕರು. ನಿರುಪಮಾ ಮಾತ್ರ ಗಡಿಯಾರ ನೋಡುತ್ತಿದ್ದಳು.

ಹೊಸ ಫಿಲ್ಮ್ ಬಂತು. ಬಲಗಡೆ, ಯಕೃತ್ತಿನ ಮೇಲೆ, ಬಿದಿಗೆ ಚಂದ್ರನಷ್ಟು ತೆಳುವಾದ ಕಪ್ಪು ಗೆರೆ. ಅದೇ ಗಾಳಿ.

ಸರ್ಜನ್ ಆಗಲೇ ಕೈ ತೊಳೆದು ನಿಂತಿದ್ದರು. ತೂತು ಮುಚ್ಚಿತು.

ನಾಲ್ಕನೇ ದಿನ ಸಣ್ಣತಿಮ್ಮ ಗಂಜಿಗೆ ಉಪ್ಪಿನಕಾಯಿ ಕೇಳಿ ನರ್ಸಿನಿಂದ ಬೈಸಿಕೊಂಡ. ಅದನ್ನು ಕೇಳಿ ನಿರುಪಮಾಳ ಜೀವ ಹಗುರಾಯಿತು. ಆದರೂ ಒಂದು ಪ್ರಶ್ನೆ ಉಳಿದಿತ್ತು.

"ಸರ್, ಅವತ್ತು ಒಂದು ಫಿಲ್ಮೂ ತೆಗೆಯೋ ಮುಂಚೆ ಸರ್ಜನ್‌ಗೆ ಫೋನ್ ಮಾಡಿದ್ರಲ್ಲ. ತೂತಾಗಿದೆ ಅಂತ ನಿಮಗೆ ಹೇಳಿದ್ದು ಯಾರು?"

ರಾಯರು ಬಾಟಲಿ ತೆಗೆದು ಒಂದು ಗುಟುಕು ನೀರು ಕುಡಿದರು.

"ಯಾರಿಗೆ ನೋವಿತ್ತೋ ಅವನೇ ಕಣಮ್ಮ."