ಮಾನವ್ವನ ಆಟದ ಪೆಟ್ಟಿಗೆ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಹೇಳುವವರು ಈಗ ಯಾರೂ ಉಳಿದಿಲ್ಲ, ಗುಡ್ಡದ ಸೆರಗಿನ ಒಂದೂರಿನಲ್ಲಿ ಮಾನವ್ವ ಎಂಬ ಬಡಿಗೇರ ಹೆಂಗಸು ಇದ್ದಳಂತೆ. ಆ ಊರಿನ ಬಾಗಿಲು, ಮಣೆ, ಮಂಚ ಎಲ್ಲ ಅವಳ ಗಂಡ ಕಾಳಪ್ಪ ಮಾಡಿದವು ಅನ್ನುತ್ತಿದ್ದರು. ಅರ್ಧ ಅವಳು ಮಾಡಿದವು. ಗಂಡನ ಕೈ ಸೋತಾಗ ಉಳಿ ಹಿಡಿಯುತ್ತಿದ್ದವಳು ಅವಳೇ. ಬಾಗಿಲು ಮುಚ್ಚಿಕೊಂಡು ಹಿಡಿಯುತ್ತಿದ್ದಳು, ಹಾಗಾಗಿ ಯಾರೂ ಕಂಡಿರಲಿಲ್ಲ.

ಕಾಳಪ್ಪ ತೀರಿಕೊಂಡ. ತಿಥಿಯ ದಿನ ಕಳೆದ ಮೇಲೆ ಮೈದುನ ದ್ಯಾವಪ್ಪ ಬಂದು ಉಳಿ, ಬಾಚಿ, ಗರಗಸ ಎಲ್ಲ ಹೊತ್ತೊಯ್ದ. ಗಂಡ ಸತ್ತವಳ ಕೈ ಆಯುಧಕ್ಕೆ ತಾಗಬಾರದು, ನಮ್ಮ ಮನೆತನದ ಕಟ್ಟಳೆ ಅದು ಅಂದ. ಮಾನವ್ವ ಬೇರೇನೂ ಕೇಳಲಿಲ್ಲವಂತೆ. ಮನೆ ಕೇಳಲಿಲ್ಲ, ಹಿತ್ತಲು ಕೇಳಲಿಲ್ಲ. ಉಳಿ, ಬಾಚಿ ಎರಡು ಕೊಡು ಅಂದಳು. ಅವನು ಕೊಡಲಿಲ್ಲ.

ಅದೇ ಊರಿನಲ್ಲಿ ದಸ್ತಗೀರಸಾಬ ಅಂತ ರೇಡಿಯೋ ರಿಪೇರಿ ಮಾಡುವವನಿದ್ದ. ಅವನಿಗೆ ಗುಜರಿಯವನಿಂದ ಒಂದು ಹಳೆಯ ಕಂಪ್ಯೂಟರ್ ಸಿಕ್ಕಿತ್ತು. ಸಿಕ್ಕಿತ್ತು ಅಂದರೆ ಒಳಗಿನದಷ್ಟೇ. ಹೊರಗಿನ ತಗಡಿನ ಡಬ್ಬಿ ಆಗಲೇ ತೂಕಕ್ಕೆ ಹೋಗಿತ್ತು. ಸಾಬ ವೈರು ಕೂಡಿಸಿ, ಮೇಜಿನ ಮೇಲೆ ಹರವಿ, ಅದಕ್ಕೆ ಜೀವ ಬರಿಸಿದ್ದ. ಪೇಟೆಯಲ್ಲಿರುವಂಥ, ಎದುರು ನಿಂತು ಹಿಡಿ ತಿರುವಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆಯೊಳಗೆ ಅದನ್ನು ಕೂರಿಸಬೇಕೆಂದು ಅವನ ಆಸೆ. ದ್ಯಾವಪ್ಪನನ್ನು ಕೇಳಿದ. ದ್ಯಾವಪ್ಪ ನಕ್ಕ.

"ಸಾಬಣ್ಣ, ಕೋಳಿ ಕರುಳು ಹರವಿಟ್ಟು ಅದಕ್ಕ ಮಂಟಪ ಕಟ್ಟು ಅಂತೀಯಲ್ಲೋ!"

ನಾನು ಮಾಡುತ್ತೇನೆ ಅಂದಳು ಮಾನವ್ವ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

"ಮಾಡು ಅತ್ತಿಗಿ," ಅಂದ ದ್ಯಾವಪ್ಪ. "ಖಂಡೇಪೂಜಿ ದಿನ ಅದು ಊರ ಮುಂದ ನಡದು ತೋರಸ್ಲಿ, ಉಳಿ ಬಾಚಿ ನಿನ್ನವ." ಆಯುಧಪೂಜೆಯ ದಿನಕ್ಕೆ ಕಟ್ಟಿದ ಈ ಪಂಥವನ್ನು ಐದು ಮಂದಿ ಹಿರಿಯರು ಕೇಳಿಸಿಕೊಂಡರು.

ಅವಳು ಸಾಬನ ಮುರುಕು ಸ್ಕ್ರೂಡ್ರೈವರನ್ನು ಕಲ್ಲಿಗೆ ಮಸೆದು ಉಳಿ ಮಾಡಿಕೊಂಡಳಂತೆ. ಆಳೆತ್ತರದ ಪೆಟ್ಟಿಗೆ ಎಬ್ಬಿಸಿದಳು. ಮದರ್‌ಬೋರ್ಡನ್ನು ಹಲಗೆಗೆ ಒತ್ತಿ ಬಿಗಿದರೆ ಅದರ ಬೆನ್ನು ಕಾದು ಸುಡುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗೈ ಇಟ್ಟು ನೋಡಿದಳು, ತಿಳಿದುಕೊಂಡಳು. ಬಾಲ್‌ಪೆನ್ನಿನ ಕೊಳವೆಯನ್ನು ಉಗುರಿನಷ್ಟುದ್ದ ಕತ್ತರಿಸಿ, ಸ್ಕ್ರೂಗಳನ್ನು ಆ ತುಂಡುಗಳೊಳಗೆ ತೂರಿಸಿ, ಬೋರ್ಡು ಹಲಗೆಗೆ ತಾಗದೆ ಎತ್ತರದಲ್ಲಿ ನಿಲ್ಲುವಂತೆ ಕೂರಿಸಿದಳು. ಹಾರ್ಡ್‌ಡಿಸ್ಕನ್ನು ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ತೂಗುಹಾಕಿದಳು, ಜನ ಗುದ್ದಿ ಗುದ್ದಿ ಆಡಿದರೂ ಅದು ಅದುರಬಾರದೆಂದು. ಬಿಸಿಗಾಳಿ ಹೋಗಲು ಹಿಂಬದಿಯ ಹಲಗೆಗೆ ಜಾಲಂಧ್ರ ಕೊರೆದಳು. ಆ ಪೆಟ್ಟಿಗೆ ಉಸಿರಾಡುತ್ತಿತ್ತು ಅಂತಾರೆ. ಕಿವಿ ಇಟ್ಟರೆ ಮಲಗಿದ ಕೂಸಿನ ಉಸಿರು ಕೇಳುತ್ತಿತ್ತು ಅಂತಾರೆ. ಏಳೂರಿನ ಜನ ಸಾಲುಗಟ್ಟಿ ಆಡಿದರು ಅಂತಲೂ ಅಂತಾರೆ. ಏಳೂರೋ ಒಂದೂರೋ, ನಕ್ಕವರೆಲ್ಲ ಆಡಿದ್ದು ನಿಜ. ದ್ಯಾವಪ್ಪನೂ ಆಡಿದ. ಮೂರು ಸಲ ಸೋತ.

ಖಂಡೇಪೂಜೆ ಬಂತು. ಪೆಟ್ಟಿಗೆಯನ್ನು ಕಾಳಮ್ಮನ ಗುಡಿಯೊಳಗೆ ಇಟ್ಟು ಚಾಲೂ ಮಾಡಿದರು. ಪಕ್ಕದಲ್ಲಿ ಉಳಿ, ಬಾಚಿ. ಪೂಜೆ ಮುಗಿಯುವ ತನಕ ಹೊರಗೆ ನಿಲ್ಲು ಅಂದರು ಮಾನವ್ವನಿಗೆ. ನಿಂತಳು. ಇಷ್ಟು ದಿನ ತಾಳಿದ್ದೇನೆ, ಇನ್ನೊಂದು ಗಳಿಗೆ ಅಂದುಕೊಂಡಳು.

ಆ ಊರಲ್ಲಿ ಪೂಜೆ ಅಂದರೆ ಯಂತ್ರವನ್ನು ಬಿಚ್ಚಿ, ಒಳಗಿನ ಕಬ್ಬಿಣಕ್ಕೇ ನೀರು ಚಿಮುಕಿಸಿ ವಿಭೂತಿ ಬಳಿಯುವುದು. ಪಂಪ್‌ಸೆಟ್ಟಿಗೂ ಹಾಗೆ, ಹಿಟ್ಟಿನ ಗಿರಣಿಗೂ ಹಾಗೆ. ದ್ಯಾವಪ್ಪ ಭಕ್ತಿಯಿಂದಲೇ ಹಿಂಬದಿಯ ಹಲಗೆ ತೆಗೆದ. ತಂಬಿಗೆ ಎತ್ತಿದ.

"ನೀರು ಹಾಕಬ್ಯಾಡೋ ದ್ಯಾವಪ್ಪಾ! ಅದಕ್ಕ ಡಬ್ಬಿ ಇಲ್ಲೋ, ಬರಿಮೈಲೇ ಐತೋ!" ಹೊರಗಿನಿಂದ ಕೂಗಿದಳು ಮಾನವ್ವ.

"ಪೂಜಿ ಹೊತ್ತಿನಾಗ ಆಕಿ ಬಾಯಿ ಮುಚ್ಚಸ್ರೋ," ಅಂದರು ಹಿರಿಯರೊಬ್ಬರು.

ಅವಳು ಹೊಸ್ತಿಲೊಳಗೆ ಒಂದು ಕಾಲು ಇಟ್ಟಳು. ಹೆಂಗಸರೇ ಹಿಡಿದು ಎಳೆದರಂತೆ.

ಚಟ್ ಅಂದಿತು. ಹೊಗೆ ಎದ್ದಿತು. ಪರದೆ ಕಪ್ಪಾಯಿತು.

ಗಂಡ ಸತ್ತವಳ ಕೈಕೆಲಸ, ಮತ್ತೇನಾದೀತು ಅಂದಿತು ಊರು. ದ್ಯಾವಪ್ಪ ಉಳಿ, ಬಾಚಿ ಒರೆಸಿ ಚೀಲಕ್ಕೆ ಹಾಕಿಕೊಂಡ. ನೀರು ಹಾಕಿದವನು ನೀನು ಅಂತ ಸಾಬ ಒಬ್ಬನೇ ಹೇಳಿದ. ಐದು ಮಂದಿ ಹಿರಿಯರಲ್ಲಿ ಒಬ್ಬರಿಗೂ ಅಂದು ಕೇಳಿಸಿಕೊಂಡ ಮಾತು ನೆನಪಿರಲಿಲ್ಲ.

ಮರುದಿನ ಮಾನವ್ವ ಊರು ಬಿಟ್ಟಳು. ಹೊಳೆ ಅವಳಿಗೆ ಸೀಳಿ ದಾರಿ ಕೊಟ್ಟಿತು ಅಂತಾರೆ. ಹೊಳೆ ಯಾರಿಗೂ ದಾರಿ ಕೊಡುವುದಿಲ್ಲ. ಸೊಂಟಮಟ್ಟದ ನೀರಿನಲ್ಲಿ ಒಬ್ಬಳೇ ನಡೆದುಹೋಗಿರಬೇಕು.

ಈಗ ಆ ಊರಿಗೆ ಅವಳು ಯಂತ್ರದವ್ವ. ಪೆಟ್ಟಿಗೆ ಗುಡಿಯಲ್ಲೇ ಇದೆ, ಖಂಡೇಪೂಜೆಯ ಮೊದಲ ಕಾಯಿ ಅದಕ್ಕೇ ಒಡೆಯುತ್ತಾರೆ. ಹೊಸ ಟ್ರ್ಯಾಕ್ಟರ್ ತಂದವರು ಅವಳ ಹೆಸರು ಹೇಳದೆ ಚಾಲೂ ಮಾಡುವುದಿಲ್ಲ. ಪೂಜೆಗೆ ಕೂರುವವನು ದ್ಯಾವಪ್ಪನ ವಂಶದವನು. ಕುಂಕುಮ ಹಚ್ಚಲು ಮುತ್ತೈದೆಯರನ್ನು ಒಳಗೆ ಕರೆಯುತ್ತಾರೆ. ಗಂಡ ಸತ್ತವರು ಹೊರಗೆ ನಿಂತು ಅವಳಿಗೆ ಕೈ ಮುಗಿಯುತ್ತಾರೆ.