ಅರಗು ಮೆತ್ತಿದ ಕಿಟಕಿ

ಮೂರು ಪ್ರಶ್ನೆಗೆ ಉತ್ತರ ಹೇಳಿದವನಿಗೆ ಹನ್ನೆರಡು ವರ್ಷ ಘಟ್ಟದ ಸುಂಕ, ತಪ್ಪಿದವನಿಗೆ ಶಿರಚ್ಛೇದ. ಮಂಜುಗುಡ್ಡದ ದೊರೆ ಮುದ್ದರಸ ಹೀಗೆಂದು ಡಂಗುರ ಸಾರಿಸಿದ. ಅಗಳಿ ಹಾಕಿಕೊಂಡು ಮಲಗಿದ್ದ ಅವನ ಒಬ್ಬನೇ ಮಗ ಬೆಳಗಾಗುವಷ್ಟರಲ್ಲಿ ಹೆಣವಾಗಿದ್ದ. ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಬಂದ ದಾಸಿ ಸಣ್ಣೀರಿ ಸೆರೆಯಲ್ಲಿದ್ದಳು. ಅಮಾವಾಸ್ಯೆಯೊಳಗೆ ಉತ್ತರ ಸಿಗದಿದ್ದರೆ ಕೊಲೆಗಾತಿ ಅವಳೇ ಎಂದು ತೀರ್ಮಾನವಾಗಿತ್ತು.

ಇಂಥ ವ್ಯಾಪಾರಕ್ಕೆ ಬುದ್ಧಿ ಇದ್ದವನು ಕೈಹಾಕುವುದಿಲ್ಲ. ಆದರೂ ಸುಂಕದ ಆಸೆಗೆ ಇಬ್ಬರು ಬಂದರು.

ದೊರೆ ಕೇಳಿದ: "ಕಣ್ಣಿಗೆ ಕಾಣದೆ, ಮೂಗಿಗೆ ನಾರದೆ ಮುಚ್ಚಿದ ಕೋಣೆ ಹೊಕ್ಕ ಕಳ್ಳ ಯಾರು? ಒಡವೆ ಮುಟ್ಟಲಿಲ್ಲ, ಗಾಯ ಮಾಡಲಿಲ್ಲ, ಸತ್ತ ಮಗನ ಕೆನ್ನೆ ಮದುಮಗನ ಕೆನ್ನೆಯಂತೆ ಕೆಂಪಗಿತ್ತು. ಹಾಗಾದರೆ ಅವನು ಕದ್ದದ್ದೇನು? ಅವನಿಗೆ ದಾರಿ ಮಾಡಿಕೊಟ್ಟವರು ಯಾರು?"

"ಹಾವು ಪ್ರಭು," ಎಂದರು ವೈದ್ಯ ಗುಂಡಾಭಟ್ಟರು.

"ಹಾವು ಕಚ್ಚಿದ ಮೈ ನೀಲಿಗಟ್ಟುತ್ತದೆ, ಪಂಡಿತರೇ." ಪಂಡಿತರ ತಲೆ ಹೋಯಿತು.

ಮಂತ್ರವಾದಿ ಹಾಲಪ್ಪಯ್ಯ ಯಕ್ಷಿಯ ಕಾಟ ಎಂದ. "ನೂರು ಕೋಳಿ ಕೊಟ್ಟರೆ—"

"ನಿನ್ನದೊಂದು ತಲೆ ಸಾಕು."

ಮೂರನೆಯವನು ಸಣ್ಣೀರಿಯ ಅಣ್ಣ ಜಟ್ಟಿಂಗ, ಕಾಡಿನಲ್ಲಿ ಇದ್ದಿಲು ಸುಡುವವನು.

"ಏಯ್ ಮಸಿಮೂತಿ, ಆಚೆ ನಿಲ್ಲು, ನೆಲ ಹೊಲಸಾಗುತ್ತೆ!" ಎಂದ ಕಾವಲಿನವನು.

"ಉತ್ತರ ಇಲ್ಲಿ ಹೇಳೋದಿಲ್ಲ ದೊರೆ," ಎಂದ ಜಟ್ಟಿಂಗ. "ಅದೇ ಕೋಣೆ, ಅದೇ ಅಗ್ಗಿಷ್ಟಿಕೆ, ಕದ ಮುಚ್ಚಿ ನೀವೂ ನಾನೂ ಕೂರೋಣ. ಹೆದರಿಕೆಯಾದರೆ ಬೇಡ."

ಮುದ್ದರಸ ಎದ್ದೇಬಿಟ್ಟ.

ಒಳಗೆ ಕೆಂಡ ಹೊಗೆಯಿಲ್ಲದೆ ನಿಗಿನಿಗಿ ಉರಿಯಿತು. ಒಂದು ಗಳಿಗೆ ಕಳೆಯಿತು, ಎರಡಾಯಿತು, ಮೂರಾಯಿತು.

"ಕಣತಲೆ ಬಡಿದುಕೊಳ್ಳುತ್ತಿದೆ," ಎಂದ ದೊರೆ.

"ನನಗೂ. ಕಳ್ಳ ಬಂದ. ಕೆಂಡದ ಉಸಿರು ಅವನು. ಹೊಗೆ ಇದ್ದಿದ್ದರೆ ಕೆಮ್ಮಿಸಿ ಎಬ್ಬಿಸೋದು, ಇವನು ಎಬ್ಬಿಸೋದಿಲ್ಲ."

ದೊರೆಗೆ ಓಕರಿಕೆ ಬಂತು. "ಕದ್ದದ್ದೇನು, ಬೊಗಳು!"

"ಎದೆಗೂಡಿಗೆ ಬರೋ ಗಾಳೀನ. ರಕ್ತದಲ್ಲಿ ಉಸಿರು ಕೂರೋ ಮಣೆ ಮೇಲೆ ಇವನು ಕೂತ್ಕೊತಾನೆ, ಏಳೋದಿಲ್ಲ. ಗುಂಡಿಗೆ ಓಡುತ್ತೆ, ಓಡುತ್ತೆ, ಕೊನೆಗೆ ಬಡಕಲು ಎತ್ತಿನ ಹಾಗೆ ನೊಗದಲ್ಲೇ ಬೀಳುತ್ತೆ. ಇದ್ದಿಲುಗೂಡಲ್ಲಿ ಸತ್ತ ನಮ್ಮಪ್ಪನ ಕೆನ್ನೆಯೂ ಕೆಂಪಗಿತ್ತು. ಈಗ ನಿಮ್ಮ ಎದೆ ಮುಟ್ಟಿ ನೋಡ್ಕೊಳ್ಳಿ."

ಮುದ್ದರಸ ಮುಟ್ಟಿಕೊಂಡ. ಅದು ಹೊಡೆದುಕೊಳ್ಳುತ್ತಿತ್ತು. "ಹಾಗಾದರೆ ಕೆಂಡ ಇಟ್ಟ ನಿನ್ನ ತಂಗಿಯೇ ಕೊಂದಳು!"

"ಏಳು ಚಳಿಗಾಲ ಇದೇ ಕೆಂಡ ಇಟ್ಟಳು, ಯಾರು ಸತ್ತರು? ಈ ವರ್ಷ ಕಿಟಕಿ ಸಂದಿಗೆಲ್ಲ ಅರಗು ಮೆತ್ತಿದೆ. ಮೆತ್ತಿಸಿದವರು ಯಾರು?"

ಮಗನಿಗೆ ನೆಗಡಿಯಾಗಿತ್ತು. ಎದೆಗೆ ಚಳಿ ತಾಗಬಾರದೆಂದು ಮೆತ್ತಿಸಿದವನು ದೊರೆಯೇ.

ಅವನು ಬಾಗಿಲಿನತ್ತ ನುಗ್ಗಿದ. ಅಗಳಿ ತೆಗೆದದ್ದು ಜಟ್ಟಿಂಗ. ದೊರೆಯ ಕೈಯಲ್ಲಿ ಬಲವಿರಲಿಲ್ಲ. ಹೊರಗೆ ಗಾಳಿಗೆ ಬಿದ್ದು ಉಸಿರೆಳೆದುಕೊಂಡವನೇ ಕಿರುಚಿದ: "ಇವನನ್ನು ಕಡಿಯಿರಿ! ಮಗನನ್ನು ಕೊಂದವನು ನಾನಂತೆ!"

ಮಾತು ಬಾಯಿಂದ ಬಿದ್ದಾಗಿತ್ತು, ಕದದಾಚೆ ಕಾದಿದ್ದ ಸಭೆಯೆಲ್ಲ ಕೇಳಿತ್ತು. ಮಂತ್ರಿ ಮೆಲ್ಲನೆ ಹೇಳಿದ: "ಪ್ರಭು, ಡಂಗುರ ನಾಲ್ಕು ಸೀಮೆಗೆ ಮುಟ್ಟಿದೆ. ಮಾತು ತಪ್ಪಿದ ದೊರೆಯ ಘಟ್ಟ ಯಾವ ವರ್ತಕನೂ ಹತ್ತುವುದಿಲ್ಲ."

ದೊರೆ ಮುಖ ತಿರುಗಿಸಿ ಹೇಳಿದ: "ಕೊಟ್ಟು ಕಳಿಸಿ. ಮತ್ತೆ ನನ್ನ ಕಣ್ಣಿಗೆ ಬಿದ್ದರೆ ಉಳಿಯೋದಿಲ್ಲ."

ಜಟ್ಟಿಂಗನಿಗೆ ದಕ್ಕಿದ್ದು: ಜೀವಸಹಿತ ತಂಗಿ ಒಬ್ಬಳು, ಹನ್ನೆರಡು ವರ್ಷದ ಸುಂಕ, ಮೂರು ದಿನದ ತಲೆನೋವು. ಅರಮನೆಗೆ ದಕ್ಕಿದ್ದು, ಕೋಣೆಗೊಂದರಂತೆ ಗೇಣಗಲದ ನಲವತ್ತು ಗಾಳಿಕಂಡಿ.